ತಿರುಗಿದ ಹಳದಿ ಮೊನೆ

ಶಾಲೆಯ ಬಸ್ಸು ಓಡಿಸುವವನು ಮರ್ವ್. ಬಸ್ಸು ನಡೆಸಲು ಸರ್ಕಾರ ಕೊಟ್ಟ ಪರವಾನಗಿ ಇದ್ದದ್ದು ಅವನ ಹೆಂಡತಿ ಗ್ಲೆನಿಸ್ ಹೆಸರಿನಲ್ಲಿ. ಮನೆಗೂ ಅವಳೇ ಯಜಮಾನಿ, ಬಸ್ಸಿಗೂ ಅವಳೇ ಎಂದು ಟಾಸ್ಮೇನಿಯಾದ ಆ ಸಣ್ಣ ಊರು ನಗುತ್ತಿತ್ತು. ಅವಳಿಗೆ ಅದು ನಗುವ ಮಾತಾಗಿರಲಿಲ್ಲ. ಓಡಿಸಲಾಗದವನ ಕೈಗೆ ಕೀಲಿ ಕೊಟ್ಟರೆ ತಪ್ಪು ಅವಳದು. ಒಳಗೆ ಕೂತವರು ಊರಿನವರ ಮಕ್ಕಳು.

ಗಂಡನ ಕಣ್ಣು ಮಂಜಾಗುತ್ತಿದೆ ಎಂಬ ಅನುಮಾನ ಚಳಿಗಾಲ ಹಿಡಿದಾಗಿನಿಂದ ಅವಳನ್ನು ಕೊರೆಯುತ್ತಿತ್ತು. ಚಹಾ ಬಗ್ಗಿಸುವಾಗ ಅವನು ಬಟ್ಟಲಿನೊಳಗೆ ಬೆರಳು ಇಳಿಬಿಟ್ಟು ಅಳತೆ ನೋಡುತ್ತಿದ್ದ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ನಿನ್ ಮುಖದ ಸುಕ್ಕೆಲ್ಲ ಕಾಣ್ತಾವೆ, ಎಣಿಸ್ಲಾ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಆ ಬೆಳಿಗ್ಗೆ ಅವಳು ಅವನಿಗಿಂತ ಮೊದಲೇ ಶೆಡ್ಡಿಗೆ ಹೋದಳು. ಚಕ್ರದ ಪ್ರತಿ ನಟ್ಟಿಗೂ ಬಾಣದ ತುದಿಯಂಥ ಪ್ಲಾಸ್ಟಿಕ್ಕಿನ ಹಳದಿ ಮೊನೆಯೊಂದನ್ನು ಸಿಕ್ಕಿಸಿರುತ್ತಾರೆ. ಪಕ್ಕಪಕ್ಕದ ಮೊನೆಗಳು ಎದುರುಬದುರಾಗಿದ್ದರೆ ನಟ್ಟು ಬಿಗಿಯಾಗಿದೆ ಎಂದರ್ಥ. ಒಂದು ಅತ್ತಿತ್ತ ತಿರುಗಿದ್ದರೂ ಬಸ್ಸು ಹೊರಡುವಂತಿಲ್ಲ. ಮುಂದಿನ ಚಕ್ರದ ಒಂದು ಮೊನೆಯನ್ನು ಕಿತ್ತು, ಹೊರಮುಖವಾಗಿ ಸಿಕ್ಕಿಸಿದಳು. ನಟ್ಟನ್ನು ಮುಟ್ಟಲಿಲ್ಲ. ಕಟ್ಟಿಕೊಂಡ ಗಂಡನಿಗೇ ಬಲೆ ಒಡ್ಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಮರ್ವ್ ಎಂದಿನಂತೆ ಬಸ್ಸನ್ನು ಪರೀಕ್ಷಿಸುತ್ತ ಒಂದು ಸುತ್ತು ಬಂದ. ಆ ಚಕ್ರದ ಮುಂದೆ ಬಗ್ಗಿಯೂ ನೋಡಿದ. ಟೈರಿಗೊಂದು ಒದೆ ಕೊಟ್ಟ.

"ಎಲ್ಲ ಸರಿಯಾಗಿದೆ ಕಣೇ. ಹೊರಡ್ಲಾ?"

ಗ್ಲೆನಿಸ್ ಚಕ್ರದ ಪಕ್ಕ ಕೂತಳು. ಅವನ ಬೆರಳು ಹಿಡಿದು ಆ ಮೊನೆಯ ಮೇಲಿಟ್ಟಳು. "ನಾನೇ ತಿರುಗಿಸಿದ್ದು ಮರ್ವ್. ಕೀಲಿ ಕೊಡು."

ಅವನ ಮುಖ ಕೆಂಪಾಯಿತು. "ಇಷ್ಟು ವರ್ಷ ಸಂಸಾರ ಮಾಡಿ ನಂಗೇ ಪರೀಕ್ಷೆ ಇಡ್ತೀಯಾ? ಬೆಳಕು ಕಮ್ಮಿ ಇತ್ತು, ಅಷ್ಟೇ. ಓಡ್ಸು, ನೀನೇ ಓಡ್ಸು. ನಾನೂ ಬರ್ತೀನಿ, ಒಂದೊಂದು ಮಗೂನೂ ಗುರುತು ಹಿಡಿದು ತೋರಿಸ್ತೀನಿ!"

ಅವಳಿಗೂ ಬಸ್ಸು ಓಡಿಸುವ ಲೈಸೆನ್ಸಿತ್ತು. ಮೊನೆಯನ್ನು ಸರಿಪಡಿಸಿ ಸ್ಟೀರಿಂಗ್ ಹಿಡಿದಳು. ಮರ್ವ್ ಬಾಗಿಲ ಪಕ್ಕದ ಸೀಟಿನಲ್ಲಿ ಬಿಗಿದುಕೊಂಡು ಕೂತ.

"ಏನ್ ಮರ್ವ್, ಕೆಲ್ಸದಿಂದ ಕಿತ್ತಾಕಿದ್ರಾ?" ಎನ್ನುತ್ತ ಮೊದಲ ಹುಡುಗಿ ಹತ್ತಿದಳು.

"ನಿನ್ ಬಾಯಿಗೆ ಬೀಗ ಹಾಕೋಕೆ ಕೂತಿದೀನಿ, ಟಮ್ಸಿನ್."

ಹರಟುತ್ತ, ಕೂಗುತ್ತ ಹತ್ತಿದವರನ್ನೆಲ್ಲ ಅವನು ಹೆಸರು ಹಿಡಿದೇ ಮಾತಾಡಿಸಿದ. ಒಂದೂ ತಪ್ಪಲಿಲ್ಲ. ಅನ್ಯಾಯ ಮಾಡಿಬಿಟ್ಟೆನೇನೋ ಎಂದು ಗ್ಲೆನಿಸಳಿಗೆ ಅಳುಕು ಶುರುವಾಯಿತು.

ಡೇರಿಯ ತಿರುವಿನಲ್ಲಿ ಪುಟ್ಟ ಈಡಿತ್ ಹತ್ತಿದಳು. ಗಂಟಲು ಕಟ್ಟಿತ್ತೆಂದು ಕಾಣುತ್ತದೆ, ಕತ್ತಿನ ತುಂಬ ಮಫ್ಲರ್ ಸುತ್ತಿಕೊಂಡಿದ್ದಳು. ಮಾತಾಡಲಾಗದೆ ಮೆಟ್ಟಿಲ ಮೇಲೆ ನಿಂತು ಮರ್ವ್‌ನನ್ನು ನೋಡಿ ನಕ್ಕಳು. ಅವನೂ ಅವಳತ್ತಲೇ ನೋಡುತ್ತಿದ್ದ, ಸುಮ್ಮನೆ. ಹುಡುಗಿ ಸ್ವಲ್ಪ ಕಾದು, ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದಳು.

ಬಸ್ಸು ಹೊರಟಿತು. ಎಷ್ಟೋ ದೂರ ಹೋದ ಮೇಲೆ ಮರ್ವ್ ಯಾರಿಗೂ ಕೇಳಿಸದ ಹಾಗೆ ಹೆಂಡತಿಯತ್ತ ಬಾಗಿದ.

"ಗ್ಲೆನ್, ಆಗ ಡೇರಿ ಹತ್ರ ಹತ್ತಿದ್ದು ಯಾರೇ?"