ಗಟ್ಟಿಯಾಗಿ ಎಣಿಸು

ಸತ್ತ ಮುಕ್ವೇಶ ಮೇಷ್ಟ್ರ ಕೋಟು ಗರಿಕಾಯಿಗೆ ದೊಗಳೆ. ಆದರೂ ತೊಡಲೇಬೇಕು. ಗರಿಕಾಯಿ ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರಷ್ಟೇ ಅಲ್ಲ, ಸತ್ತವರ ಸಹ್ವಿರ, ಮನೆತನದ ಗೆಳೆಯ. ಅಜ್ಜಂದಿರ ಕಾಲದಿಂದ ಎರಡು ಮನೆಗಳ ನಡುವೆ ಬಂದ ಗೆಳೆತನ ಅದು. ಸಾವಿನ ಮನೆಯಲ್ಲಿ ಎಲ್ಲರೂ ಅಳುವಾಗ ಸಹ್ವಿರ ಸತ್ತವನ ಬಟ್ಟೆ ತೊಟ್ಟು, ಅವನಂತೆ ನಡೆದು, ಅವನಂತೆ ಕೆಮ್ಮಿ, ಅವನ ಹುಳುಕನ್ನೆಲ್ಲ ಆಡಿ ತೋರಿಸಿ ನಗಿಸಬೇಕು. ಅವನು ಏನಾಡಿದರೂ ಯಾರೂ ಸಿಟ್ಟಾಗುವ ಹಾಗಿಲ್ಲ.

ಹಾಗಂತ ಹಿರಿಯರು ಹೇಳುತ್ತಾರೆ. ಹಿರಿಯರ ಕಾಲದಲ್ಲಿ ಆಳುವ ಪಕ್ಷದ ಹುಡುಗರು ಇರಲಿಲ್ಲ. ಇವತ್ತು ಅವರೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟು ಮಾವಿನ ಮರದ ಕೆಳಗೆ ಕೂತಿದ್ದರು. ಬಂದದ್ದು ಅಳುವುದಕ್ಕಲ್ಲ, ಯಾರು ಏನು ಮಾತಾಡುತ್ತಾರೆಂದು ಕೇಳಿಸಿಕೊಳ್ಳುವುದಕ್ಕೆ. ನಡುವೆ ಅವರ ನಾಯಕ ಶಿಂಗಾಯಿ. ಮುಕ್ವೇಶರ ಕೈಯಲ್ಲೇ ಅಕ್ಷರ ಕಲಿತವನು.

ಊರ ಮುಖ್ಯಸ್ಥ ಗರಿಕಾಯಿಯನ್ನು ಪಕ್ಕಕ್ಕೆ ಕರೆದ.

"ಸೈಕಲ್ ಕಥೆ ಆಡು. ನಶ್ಯದ ಕಥೆ ಆಡು. ಆ ಎಣಿಕೆ ಸುದ್ದಿ ಮಾತ್ರ ಎತ್ಬೇಡಪ್ಪಾ. ನಿಂಗೂ ಮಕ್ಕಳಿದಾರೆ."

ಕಳೆದ ಚುನಾವಣೆಯಲ್ಲಿ ಶಾಲೆಯೇ ಮತಗಟ್ಟೆ, ಮುಕ್ವೇಶರೇ ಅಧಿಕಾರಿ. ಮೇಲಿನವರು ಹೇಳುವ ತನಕ ಬಾಯಿ ಮುಚ್ಚಿಕೊಂಡಿರಿ ಎಂದು ಪಕ್ಷದವರು ಬಂದು ಎಚ್ಚರಿಸಿದ್ದರು. ಮುಕ್ವೇಶರು ಎಣಿಸಿ ಮುಗಿಸಿ, ಜಗಲಿಗೆ ಬಂದು, ಪಾಠ ಓದುವ ದನಿಯಲ್ಲಿ ಲೆಕ್ಕವನ್ನೆಲ್ಲ ಓದಿದರು. ಪಕ್ಷ ಸೋತಿತ್ತು. ಮುಂದಿನ ವಾರ ಪಕ್ಷದ ಹುಡುಗರು ಅವರನ್ನು ಎಳೆದುಕೊಂಡು ಹೋದರು, ಹೊಡೆದು ಆಮೇಲೆ ಎತ್ತಿನ ಗಾಡಿಯಲ್ಲಿ ಹಾಕಿ ಕಳಿಸಿದರು. ಅವರು ಮತ್ತೆ ಎದ್ದು ಓಡಾಡಲೇ ಇಲ್ಲ. ಶಿಂಗಾಯಿ ಹೊಡೆದನೋ, ನಿಂತು ನೋಡಿದನೋ ಎಂದು ಗರಿಕಾಯಿ ಎಷ್ಟು ಕೇಳಿದರೂ ಮುಕ್ವೇಶರದು ಒಂದೇ ಉತ್ತರ: "ನನ್ನ ಹುಡುಗ ಕಣೋ ಅವನು. ಬಿಡು."

ಮುಕ್ವೇಶರ ಹೆಂಡತಿ ಮಾಯಿ ರುದೊ ಬಂದು ಕೋಟಿನ ಗುಂಡಿ ಹಾಕಿದಳು. ಅತ್ತು ಅತ್ತು ಕಣ್ಣು ಊದಿತ್ತು, ನಾಲಿಗೆ ಮಾತ್ರ ಮೊದಲಿನಂತೆಯೇ ಇತ್ತು.

"ಮುಖ್ಯಸ್ಥ ಏನಂದ?"

"ಅರ್ಧ ಆಡು ಅಂದ."

"ಕೋಟು ನಿಂಗೆ ದೊಡ್ಡದು ಅಂತ ಗೊತ್ತಿತ್ತು. ಎದೆನೂ ಚಿಕ್ಕದಾ?" ಅವಳು ಕಾಲರ್ ಸರಿ ಮಾಡಿದಳು. "ನನ್ನ ಗಂಡನ್ನ ಅರ್ಧ ಹೂಳ್ಬೇಡ."

ಗರಿಕಾಯಿ ಡೋಲಿನ ಬಡಿತಕ್ಕೆ ಅಂಗಳಕ್ಕಿಳಿದ. ಚೈನು ಬೀಳುವ ಸೈಕಲ್ ತುಳಿದ. ನಶ್ಯ ಏರಿಸಿ ಸೀನಿದ. ಪರರ ಮನೆಯಲ್ಲಿ ಸಾಡ್ಜಾ ಎಂಬ ಜೋಳದ ಮುದ್ದೆಗೆ ಕೈ ಹಾಕುವ ಮುನ್ನ "ಹೊಟ್ಟೆ ತುಂಬಿದೆಯಮ್ಮಾ" ಎಂದು ಆಮೇಲೆ ಮೂರಾಳಿನದು ತಿನ್ನುವ ಮುಕ್ವೇಶರನ್ನು ಆಡಿದ. ಹೆಂಗಸರು ಕಣ್ಣೀರಿನಲ್ಲೇ ನಕ್ಕರು. ಮಾವಿನ ಮರದ ಕೆಳಗೂ ಒಬ್ಬಿಬ್ಬರು ನಕ್ಕರು. ಇಲ್ಲಿಗೇ ನಿಲ್ಲಿಸಬಹುದಿತ್ತು. ಬೆವರಿಗೆ ಕೋಟು ಬೆನ್ನಿಗಂಟಿತ್ತು, ಭಯವೆಂದರೆ ಭಯ.

ಆಗ ಅವನಿಗೆ ಮಡಕೆ ನೆನಪಾಯಿತು. ಪ್ರತಿ ವರ್ಷ ತರಗತಿಯ ನಾಯಕನನ್ನು ಆರಿಸಲು ಮುಕ್ವೇಶರು ಮಡಕೆ ಇಡುತ್ತಿದ್ದರು. ಒಬ್ಬರಿಗೆ ಜೋಳದ ಕಾಳು, ಇನ್ನೊಬ್ಬರಿಗೆ ಹುರುಳಿ. ಸೋತವರೇ ಎದ್ದು ನಿಂತು ಗಟ್ಟಿಯಾಗಿ ಎಣಿಸಬೇಕು, ಅದು ನಿಯಮ. ಒಂದು ವರ್ಷ ಶಿಂಗಾಯಿ ಚಿಪೊ ಎಂಬ ಹುಡುಗಿಗೆ ಸೋತ. ಮೂಗು ಸುರಿಸುತ್ತ, ಒಂದು ಕಾಳನ್ನೂ ಬಚ್ಚಿಡದೆ ಎಣಿಸಿದ. ಆ ಮಧ್ಯಾಹ್ನ ಮುಕ್ವೇಶರ ಮುಖ ನೋಡಬೇಕಿತ್ತು. "ಇವತ್ತು ಸಂಬಳ ಕೊಡದಿದ್ರೂ ನಡೆಯುತ್ತೆ" ಎಂದಿದ್ದರು. ಕಲಿಸಿದ್ದು ಎಲ್ಲಿ ಹೋಗುತ್ತದೆ? ಇಷ್ಟು ವರ್ಷ ಸೀಮೆಸುಣ್ಣ ಹಿಡಿದರೂ ಗರಿಕಾಯಿಗೆ ಅದು ತಿಳಿದಿರಲಿಲ್ಲ.

ಅವನು ಮಾವಿನ ಮರದತ್ತ ತಿರುಗಿದ. ಕೋಟಿನ ಜೇಬಿನಲ್ಲಿದ್ದ ಕನ್ನಡಕ ತೆಗೆದು ಮೂಗಿನ ತುದಿಗೆ ಇಟ್ಟ. ಬಂದದ್ದು ಮುಕ್ವೇಶರದೇ ದನಿ.

"ಶಿಂಗಾಯಿ. ಎದ್ದೇಳು."

ಶಿಂಗಾಯಿ ಎದ್ದ. ಏಳಬೇಕೆಂದು ಎದ್ದದ್ದಲ್ಲ. ಕೈಗಳು ತಾವಾಗಿಯೇ ಬೆನ್ನ ಹಿಂದೆ ಕಟ್ಟಿಕೊಂಡವು. ಅಂಗಳದಲ್ಲಿ ಡೋಲು ನಿಂತಿತು.

"ಎಣಿಸಿದ್ಯಾ?"

ಪಕ್ಕದವನು ಅಂಗಿ ಹಿಡಿದು ಎಳೆದ. ಶಿಂಗಾಯಿ ಗಮನಿಸಲಿಲ್ಲ.

"ಎಣಿಸಿದೆ ಮೇಷ್ಟ್ರೇ."

"ಗಟ್ಟಿಯಾಗಿ. ಹಿಂದಿನ ಬೆಂಚಿಗೆ ಕೇಳ್ಲಿಲ್ಲ."

"ಎಣಿಸಿದೆ ಮೇಷ್ಟ್ರೇ."

"ಗೆದ್ದಿದ್ದು ಯಾರು?"

ಶಿಂಗಾಯಿಯ ಕಣ್ಣು ಶವಪೆಟ್ಟಿಗೆಯ ಮೇಲಿತ್ತು. ತುಟಿ ಅಲುಗಿತು. ಆಮೇಲೆ ಎಲ್ಲರಿಗೂ ಕೇಳುವಂತೆ, ಜಗಲಿಯ ಹೆಂಗಸರಿಗೂ ಮುಖ್ಯಸ್ಥನಿಗೂ ಕೇಳುವಂತೆ ಹೇಳಿದ.

"ನಾವಲ್ಲ ಮೇಷ್ಟ್ರೇ."

ಗೆಳೆಯ ಇಲ್ಲವೆಂಬುದು ಗರಿಕಾಯಿಗೆ ನಾಟಿದ್ದೇ ಆಗ. ಈ ಉತ್ತರ ಕೇಳಬೇಕಾದವನು ಪೆಟ್ಟಿಗೆಯಲ್ಲಿದ್ದ. ಆದರೂ ಸಹ್ವಿರ ಆಟ ಮುಗಿಸಲೇಬೇಕು.

"ಶಭಾಷ್," ಎಂದ, ಮುಕ್ವೇಶರ ದನಿಯಲ್ಲೇ. "ಕೂತ್ಕೋ."

ಶಿಂಗಾಯಿ ಕೂರಲಿಲ್ಲ. ಕುಣಿಗೆ ಮಣ್ಣು ತುಂಬಿ ಮುಗಿಯುವವರೆಗೂ ಕೈ ಬೆನ್ನಿಗೆ ಕಟ್ಟಿಕೊಂಡೇ ನಿಂತಿದ್ದ.