ತುದಿಯ ಮೇಲೆ ತುದಿ

"ಎರಡು ಒಂಬತ್ತು ಸೊನ್ನೆ," ಎಂದಳು ಅಕ್ಕ.

"ಎರಡು ಒಂಬತ್ತು ಸೊನ್ನೆ," ಎಂದ ತಮ್ಮ, ಪುಸ್ತಕದಿಂದ ತಲೆ ಎತ್ತದೆ.

"ನಾಲ್ಕು ಏಳು ಏಳು."

"ನಾಲ್ಕು ಏಳು ಏಳು."

ಹೊರಗಿನವರು ಕೇಳಿದರೆ ಇಬ್ಬರೂ ಮಗ್ಗಿ ಒಪ್ಪಿಸುತ್ತಿದ್ದಾರೆ ಅಂದುಕೊಳ್ಳಬೇಕು. ಎರಡು ವರ್ಷದಿಂದ ಈ ಒಡಹುಟ್ಟಿದವರ ನಡುವೆ ನಡೆದ ಮಾತೆಲ್ಲ ಇಷ್ಟೇ. ಹಕ್ಕಿಯ ಕಾಲುಂಗುರದ ಅಂಕೆಯನ್ನು ಹಿಡಿದವರು ಕೂಗಬೇಕು, ಬರೆಯುವವರು ಅದನ್ನೇ ತಿರುಗಿ ಹೇಳಬೇಕು. ಅದು ಹಕ್ಕಿಗಳಿಗೆ ಉಂಗುರ ತೊಡಿಸುವ ಈ ಕೇಂದ್ರದ ನಿಯಮ. ನಿಯಮ ಇಲ್ಲದಿದ್ದರೆ ಅದೂ ಎಂದೋ ನಿಂತುಹೋಗುತ್ತಿತ್ತು. ಚಹಾ ಬೇಕಾದರೆ ತಮ್ಮ ಲೋಟವನ್ನು ಮೇಜಿಗೆ ಕುಟ್ಟುತ್ತಿದ್ದ. ಸೆಖೆಯಾದರೆ ಅಕ್ಕ ಗೋಡೆಗೆ ಹೇಳುತ್ತಿದ್ದಳು, "ಈ ಕೋಣೇಲಿ ಮನುಷ್ಯರು ಅಂತ ಇದ್ದಿದ್ರೆ ಕಿಟಕಿ ತೆಗೀತಿದ್ರು."

ಬೆಳಕು ಹರಿಯುವ ಮೊದಲು ಕೆರೆಯಂಚಿನ ಪೊದೆಗಳ ನಡುವೆ ಬಲೆ ಎತ್ತುವುದು, ಸಿಕ್ಕ ಹಕ್ಕಿಗಳನ್ನು ಬಿಡಿಸಿ ಬಟ್ಟೆಯ ಚೀಲಗಳಲ್ಲಿ ತಂದು ಗೋಡೆಯ ಕೊಕ್ಕೆಗಳಿಗೆ ನೇತುಹಾಕುವುದು, ಬರೆಯುವುದು, ಇವು ತಮ್ಮನ ಕೆಲಸ. ಇಕ್ಕಳ ಹಿಡಿಯುವ ಅಪ್ಪಣೆ ಅಕ್ಕನೊಬ್ಬಳಿಗೇ ಇತ್ತು. ಇಪ್ಪತ್ತೆರಡು ವರ್ಷದಿಂದ, ಕಡ್ಡಿಗಿಂತ ತೆಳು ಕಾಲುಗಳಿಗೆ ಅವಳು ಉಂಗುರ ತೊಡಿಸುತ್ತ ಬಂದಿದ್ದಳು. ರೆಕ್ಕೆ ಅಳೆದು, ತೂಗಿ, ಕಿಟಕಿಯಾಚೆ ಮುಷ್ಟಿ ಬಿಚ್ಚಿದರೆ ಆಯಿತು. ಯಾವ ದೇಶದಿಂದ ಬಂದದ್ದೋ ಯಾವ ದೇಶಕ್ಕೋ ಹೋಗುತ್ತಿತ್ತು.

ಈ ಸಲ ಚೀಲದಿಂದ ತೆಗೆದ ಪುಟ್ಟ ಹಾಡುಹಕ್ಕಿ ಉಲಿಯಕ್ಕಿಯ ಕಾಲಲ್ಲಿ ಆಗಲೇ ಉಂಗುರವಿತ್ತು. ಇಲ್ಲಿಯದೇ ಉಂಗುರ. ಹೋದದ್ದು ತಿರುಗಿ ಬಂದರೆ ಅಕ್ಕನಿಗೆ ಹಿಗ್ಗು. "ಬಂದ್ಯಾ ನನ್ನವ್ವ," ಎನ್ನುವ ಬಾಯಿ ಇವತ್ತು ಕಟ್ಟಿಹೋಯಿತು. ಉಂಗುರದ ಎರಡು ತುದಿ ಒಂದಕ್ಕೊಂದು ಮುಟ್ಟಿ ನಿಲ್ಲಬೇಕು. ಇಲ್ಲಿ ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕುಳಿತಿತ್ತು. ಬಿಗಿದ ಉಂಗುರ ಚರ್ಮ ಕಚ್ಚಿ, ಕಾಲು ಕೆಂಪಗೆ ಊದಿತ್ತು.

ಬಾಗಿಲಲ್ಲಿ ಸಾಹೇಬರು ಕೈಕಟ್ಟಿ ನಿಂತಿದ್ದರು. ಈ ವರ್ಷ ಬಂದ ಮೇಲಧಿಕಾರಿ. ಬಂದ ದಿನವೇ, "ನಿಮ್ಮ ಕಣ್ಣಿಗೆ ವಯಸ್ಸಾಯ್ತಲ್ಲ ಅಕ್ಕ," ಅಂದಿದ್ದರು. "ನಿಮ್ಮ ಉಂಗುರದಿಂದ ಒಂದೇ ಒಂದು ಹಕ್ಕಿ ಕುಂಟಿದ್ರೂ ಅವತ್ತೇ ಇಕ್ಕಳ ಕೊಟ್ಟು ಮನೆಗೆ ಹೋಗಿ." ಅವಳ ಹಿಂದೆ ಕಿಟಕಿ ತೆರೆದಿತ್ತು. ಕೈ ಚಾಚಿ ಮುಷ್ಟಿ ಸಡಿಲಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾಲು ಮಾತ್ರ ಇನ್ನೊಂದು ತಿಂಗಳಲ್ಲಿ ಉದುರಿಹೋಗುತ್ತಿತ್ತು.

"ಎರಡು ಏಳು ಐದು," ಎಂದಳು. "ಸೊನ್ನೆ ಮೂರು ಎಂಟು. ಹಳೇದು. ತುದಿ ಹತ್ತಿದೆ. ಕಾಲು ಊದಿದೆ."

ಸಾಹೇಬರು ಎರಡೇ ಹೆಜ್ಜೆಗೆ ಮೇಜಿನ ಹತ್ತಿರ ಬಂದರು. ಹಕ್ಕಿಯ ಕಾಲನ್ನು ನೋಡಿ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. "ನಾನೇನ್ ಹೇಳಿದ್ದೆ? ಬಾಯಲ್ಲಿ ಎಲ್ಲಾರೂ ಪಂಡಿತರೇ. ತಮ್ಮ, ಹಳೇ ಪುಸ್ತಕ ತೆಗಿ. ಇದನ್ನ ಯಾವ ಪುಣ್ಯಾತ್ಮರು ಹಾಕಿದ್ದು ನೋಡೋಣ."

ತಮ್ಮ ಕಪಾಟಿನಿಂದ ಪುಸ್ತಕ ತೆಗೆದು ಹಾಳೆ ತಿರುವಿದ. ಅವನ ಬೆರಳು ಒಂದು ಸಾಲಿನ ಮೇಲೆ ಬಂದು ನಿಂತಿತು. ತುಂಬ ಹೊತ್ತು ನಿಂತಿತು.

"ಓದಪ್ಪಾ, ಅಕ್ಷರ ಮರ್ತ್ಹೋಯ್ತಾ?"

"ಉಂಗುರ ಹಾಕಿದವರು," ತಮ್ಮ ಓದಿದ. "ಅಕ್ಕ."

"ಮುಗೀತಲ್ಲ." ಸಾಹೇಬರು ಇಕ್ಕಳಕ್ಕೆ ಕೈ ಚಾಚಿದರು.

ಅಕ್ಕ ಇಕ್ಕಳ ಬಿಡಲಿಲ್ಲ. ಕಣ್ಣಿಗೆ ವಯಸ್ಸಾಗಿರಬಹುದು, ಕೈಗೆ ಆಗಿರಲಿಲ್ಲ. ಇಂಥ ಉಂಗುರ ಅವಳ ಬೆರಳಿಂದ ಬರುವುದಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವಳು ತಮ್ಮನ ಮುಖಕ್ಕೇ ಮಾತಾಡಿದಳು.

"ತಾರೀಕು ಓದು."

ಅವನು ಓದಲಿಲ್ಲ. ಸಾಹೇಬರೇ ಪುಸ್ತಕ ಕಿತ್ತುಕೊಂಡು ಓದಿದರು. ಎರಡು ವರ್ಷದ ಹಿಂದಿನ ತಾರೀಕು, ಗಂಟೆ ಹನ್ನೊಂದೂ ನಲವತ್ತು.

ಅಕ್ಕನಿಗೆ ಆ ತಾರೀಕು ಗೊತ್ತಿತ್ತು. ಮುಷ್ಟಿಯೊಳಗೆ ಹಕ್ಕಿಯ ಎದೆ ಪಟಪಟ ಬಡಿಯುತ್ತಿತ್ತು. ಆ ದಿನ ಒಂಬತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಅಮ್ಮ ತಮ್ಮನನ್ನೇ ಕೇಳುತ್ತಿದ್ದಾಳೆ, ಬೇಗ ಬನ್ನಿ ಅಂತ. "ನೀನು ನಡಿ, ಚೀಲ ಖಾಲಿ ಮಾಡಿ ಹಿಂದೇನೇ ಬಂದೆ," ಎಂದಿದ್ದ ಇವನು. ಬಂದದ್ದು ಮೂರು ಗಂಟೆಗೆ. ಅಷ್ಟರಲ್ಲಿ ಹೊದಿಕೆ ಅಮ್ಮನ ಮುಖದ ಮೇಲಕ್ಕೆ ಬಂದಿತ್ತು.

"ಸಾರ್, ಅವತ್ತು ಆ ಹೊತ್ತಲ್ಲಿ ನಾನು ಇಲ್ಲಿರಲಿಲ್ಲ," ಎಂದಳು ಅಕ್ಕ. "ರಜೆ ಪುಸ್ತಕ ನೋಡ್ಕೊಳ್ಳಿ. ಅವತ್ತು ನಮ್ಮಮ್ಮ ಹೋದ್ಲು. ಇಲ್ಲಿದ್ದೋನು ಇವನೊಬ್ನೇ."

ಸಾಹೇಬರು ತಮ್ಮನ ಕಡೆ ತಿರುಗಿದರು. "ಅಪ್ಪಣೆ ಇಲ್ದೆ ಇಕ್ಕಳ ಹಿಡಿದ್ಯಾ? ಮೇಲೆ ಅವರ ಹೆಸ್ರು ಬೇರೆ ಬರೆದ್ಯಾ?"

"ಕೈ ಅಭ್ಯಾಸ ಸಾರ್. ಆ ಕಾಲಮ್ಮಲ್ಲಿ ಯಾವತ್ತೂ ಅದೇ ಹೆಸ್ರು ಬರ್ಯೋದು."

"ಎಷ್ಟು ಹಕ್ಕಿಗೆ ಹಾಕ್ದೆ?"

"ಹದಿನಾರಕ್ಕೆ."

"ಹದಿನಾರು!" ಅಕ್ಕನಿಗೆ ತಡೆಯಲಾಗಲಿಲ್ಲ. "ಏನೋ ಪಾಪಿ, ಚೀಲದ ಬಾಯಿ ಬಿಚ್ಚಿ ಹಾಗೇ ಹಾರಿಸಿದ್ರೆ ಐದು ನಿಮಿಷದ ಕೆಲಸ ಅಲ್ವೇನೋ? ಅಮ್ಮ ಅಲ್ಲಿ ಬಾಗಿಲು ನೋಡ್ತಾ ನೋಡ್ತಾ ಹೋದ್ಲು. ನೀನಿಲ್ಲಿ ಕೂತು ಒಂದೊಂದಕ್ಕೂ ಒಡವೆ ತೊಡಿಸ್ತಿದ್ದೆ!"

"ಹಾರಿಸಿಬಿಟ್ಟಿದ್ರೆ," ತಮ್ಮ ಮೇಜಿಗೆ ಹೇಳಿದ, "ಅಲ್ಲಿಗೆ ಬರಬೇಕಾಗ್ತಿತ್ತಲ್ಲ."

ಅಕ್ಕ ಬಗ್ಗಿ ಹಕ್ಕಿಯ ಕಾಲನ್ನೇ ನೋಡಿದಳು.

"ನಿಮ್ಮ ಮನೆ ಪುರಾಣ ನಂಗೆ ಬೇಡ," ಎಂದರು ಸಾಹೇಬರು. "ತಮ್ಮ, ಎದ್ದೇಳು. ಬೀಗದ ಕೈ ಇಡು. ನಾಳೆಯಿಂದ ಬರಬೇಡ. ಇನ್ನೂ ಹದಿನೈದು ಕುಂಟು ಹಕ್ಕಿ ಎಲ್ಲೆಲ್ಲಿ ಹಾರ್ತಿವೆಯೋ, ಯಾವ ಮುಖ ಇಟ್ಕೊಂಡು ಬರೀಲಿ ನಾನು ಮೇಲಿನವರಿಗೆ?"

ತಮ್ಮ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಎದ್ದ.

"ಎದ್ದು ಎಲ್ಲಿಗೆ?" ಅಕ್ಕ ಗದರಿದಳು. "ಇದನ್ನ ಬಿಚ್ಚೋಕೆ ನಾಲ್ಕು ಕೈ ಬೇಕು. ಸಾಹೇಬ್ರು ಹಿಡ್ಕೊಂಡ್ರೆ ಹಕ್ಕಿ ಹಿಟ್ಟಾಗುತ್ತೆ. ಹಿಡಿ. ಹಿಡಿ ಅಂದೆ."

ಸಾಹೇಬರು ಏನೋ ಗೊಣಗಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಫೋನ್ ಮಾಡಲು ಹೊರಗೆ ಹೋದರು.

ಹಕ್ಕಿ ಒಂದು ಕೈಯಿಂದ ಇನ್ನೊಂದು ಕೈಗೆ ಬಂತು. ಎರಡು ವರ್ಷದ ಮೇಲೆ ಆ ಬೆರಳುಗಳಿಗೆ ಈ ಬೆರಳುಗಳು ತಾಗಿದವು, ಎರಡೂ ತಣ್ಣಗಿದ್ದವು. ಅಕ್ಕ ಉಂಗುರದೊಳಗೆ ತೆಳು ತಂತಿಯ ಎರಡು ಕುಣಿಕೆ ತೂರಿಸಿ, ಉಸಿರು ಬಿಗಿಹಿಡಿದು ಆಚೆಗೊಂದು ಈಚೆಗೊಂದು ಎಳೆದಳು. ತಮ್ಮನ ಕೈ ನಡುಗುತ್ತಿತ್ತು.

"ನೆಟ್ಟಗೆ ಹಿಡಿ. ಅವತ್ತಿನ ಹಂಗೆ ನಡುಗಿಸಬೇಡ."

ಅವನು ನೆಟ್ಟಗೆ ಹಿಡಿದ. ಉಂಗುರ ಬಾಯಿಬಿಟ್ಟು ಮೇಜಿನ ಮೇಲೆ ಬಿತ್ತು. ಅಕ್ಕ ಹತ್ತಿ ಅದ್ದಿ ಕಾಲು ಒರೆಸಿದಳು. ತಮ್ಮ ಕಿಟಕಿಗೆ ಹೋಗಿ ಅಂಗೈ ಬಿಡಿಸಿದ. ಹಕ್ಕಿ ಹಾರಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಳಿದು ಒಂಟಿ ಕಾಲಲ್ಲಿ ನಿಂತಿತು.

"ಇನ್ನೂ ಯಾಕೆ ನಿಂತಿದೀಯ, ಹೋಗು," ಎಂದಳು ಅಕ್ಕ, ಹಿಂದಿನಿಂದ.

ಹೇಳಿದ್ದು ತನಗೋ ಹಕ್ಕಿಗೋ ತಿಳಿಯದೆ ತಮ್ಮ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟ.

ಹಕ್ಕಿ ಊದಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ತಟ್ಟನೆ ಎತ್ತಿಕೊಂಡಿತು. ಮತ್ತೆ ಇಟ್ಟಿತು.