ಗುರುವಾರದ ಫೋನು, ಶನಿವಾರದ ಊಟ

ಬೆನೆಟೋ ಹಿತ್ತಲ ಬಾಗಿಲನ್ನು ಬೆನ್ನಿನಿಂದಲೇ ತಳ್ಳಿಕೊಂಡು ಅಡುಗೆಮನೆಗೆ ಬಂದ. ಎರಡೂ ಕೈಗಳಲ್ಲಿ ಬಿಳಿ ಬಟ್ಟೆ ಸುತ್ತಿದ ಭಾರದ ಗಂಟು. ಮೈಮೇಲೆ ಕಪ್ಪು ಕೋಟು. ಅದರೊಳಗೆ ಮಾಂಸದಂಗಡಿಯ ಏಪ್ರನ್ ಬಿಚ್ಚುವುದನ್ನು ಮರೆತಿದ್ದ.

“ಎಲ್ಲಿಡ್ಲಿ, ಮದಾಮ್?”

ಮಗಳ ಷೂ ಲೇಸು ಕಟ್ಟುತ್ತಿದ್ದ ಮಾರ್ನಿ ತಲೆಯೆತ್ತಿದಳು. ಗಂಟಿನ ತುದಿಯಲ್ಲಿ ಎರಡು ಕಾಲುಗಳು ಕಾಣುತ್ತಿದ್ದವು.

“ಬೆನೆಟೋ, ಇವತ್ತು ರಸ್‌ನ ಸಂಸ್ಕಾರ.”

“ಗೊತ್ತು. ಅದಕ್ಕೇ ತಾನೆ ಕೋಟು ಹಾಕಿರೋದು? ಆದ್ರೆ ಇದು ಈ ಶನಿವಾರಕ್ಕಂತ ಅವನು ಜುಲೈನಲ್ಲೇ ಹೇಳಿಟ್ಟ ಹಕ್ಕಿ. ನಮ್ಮ ಭಾವ ಇದೊಂದಕ್ಕೇ ಬೇರೆ ಕಾಳು ಹಾಕಿ ಸಾಕಿದಾನೆ. ಈ ದೇಶದಲ್ಲಿ ಕ್ರಿಸ್‌ಮಸ್‌ಗೆ ಮೊದಲು ಒಂಬತ್ತು ಕಿಲೋ ಟರ್ಕಿ ಕೋಳಿ ಇನ್ಯಾರು ತಿಂತಾರೆ? ಮೇಲಾಗಿ ಊರಿಗೆ ಊರೇ ಮಧ್ಯಾಹ್ನ ಇಲ್ಲಿಗೇ ಬರೋದು. ಅವರಿಗೇನು, ಬರೀ ಬಿಸ್ಕತ್ತು ಕೊಡ್ತೀರಾ?”

ಸೋಮವಾರ ಗಂಡ ರಸ್ ಸತ್ತಾಗಿನಿಂದ ಮಾರ್ನಿಗೆ ಮಾತು ಬಾಯಿಗೆ ಬರುವುದು ತಡವಾಗುತ್ತಿತ್ತು. ಮೇಲಿನ ಕೋಣೆಯಲ್ಲಿ ಅತ್ತೆಯ ಹೆಜ್ಜೆಗಳು ಕಿಟಕಿಯಿಂದ ಬೀರುವಿಗೆ, ಬೀರುವಿನಿಂದ ಕಿಟಕಿಗೆ ಓಡಾಡುತ್ತಿದ್ದವು. ಗಂಡ ತನ್ನ ತಾಯಿಗೆ ಒಂಬತ್ತು ವರ್ಷ ಹೇಳಿಕೊಂಡು ಬಂದ ಸುಳ್ಳೊಂದು ಆ ಬಿಳಿ ಬಟ್ಟೆಯೊಳಗಿತ್ತು. ವಾಪಸು ಕಳಿಸಿದರೆ ಅದು ಹಾಗೇ ಮುಚ್ಚಿಹೋಗುತ್ತಿತ್ತು.

ಅಷ್ಟರಲ್ಲಿ ಅತ್ತೆ ಆರ್ಲೀನ್ ಮೆಟ್ಟಿಲಿಳಿದು ಬಂದರು. ಎಪ್ಪತ್ತರ ಹೆಂಗಸು. ಅಮೆರಿಕದ ಮಿನೆಸೋಟದಿಂದ ಎರಡು ವಿಮಾನ ಬದಲಿಸಿ ಬುಧವಾರ ಬಂದಿಳಿದಿದ್ದರು. ಗಂಟನ್ನು ಒಮ್ಮೆ ನೋಡಿದರು.

“ಟರ್ಕಿ. ನಮ್ಮ ಹಬ್ಬದ ವಾರ ಇದು ಅಂತ ಈ ಜನಕ್ಕೆ ಯಾರು ಹೇಳಿದ್ರು?”

ಮಾರ್ನಿ ಮತ್ತೆ ಮಗಳ ಲೇಸಿಗೆ ಬಾಗಿದಳು.

“ಹೋಗ್ಲಿ ಬಿಡು. ಒಳ್ಳೆ ಜನಾನೇ ಇರಬೇಕು. ಆದ್ರೆ ನನ್ನ ಮಗನಿಗೆ ಇಲ್ಲಿ ಒಂದು ವರ್ಷವೂ ಸಿಗದ ಊಟಾನ ಅವನ ಹೆಸರಲ್ಲಿ ನಾನು ಹ್ಯಾಗೆ ನುಂಗಲಿ, ಮಗಾ?”

ಬೆನೆಟೋಗೆ ಇಂಗ್ಲಿಷ್ ಬಾರದು. ಗಂಟು ಹಿಡಿದೇ ನಿಂತಿದ್ದ. ಮಾರ್ನಿ ಒಲೆಯತ್ತ ಕೈ ತೋರಿಸಿದಳು.

*

ಒಂಬತ್ತು ವರ್ಷದ ಹಿಂದೆ ರಸ್ ಮತ್ತು ಮಾರ್ನಿ ಆ ಊರಿಗೆ ಬಂದದ್ದು ಎರಡು ವರ್ಷದ ಮಟ್ಟಿಗೆ. ರಸ್ ದ್ರಾಕ್ಷಿ ಕೊಯ್ಯುವ ಯಂತ್ರಗಳ ಮೆಕ್ಯಾನಿಕ್ಕು. ಫ್ರಾನ್ಸಿನ ಲ್ವಾರ್ ನದಿಯ ದಡದ ಆ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಮೂರನೇ ವಾರಕ್ಕೆ ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಸಂತೆಯಲ್ಲಿ ಎಲ್ಲೆಲ್ಲೂ ಸೇವಂತಿಗೆ ಕುಂಡಗಳು. ಅವನಿಗೆ ತನ್ನೂರಿನ ಶರತ್ಕಾಲ ನೆನಪಾಗಿ ಹತ್ತು ಕುಂಡ ಹೊತ್ತು ತಂದ. ಅಲ್ಲಿ ಮಾಡುತ್ತಿದ್ದ ಹಾಗೆಯೇ ಬಾಗಿಲ ಮುಂದಿನ ಮೆಟ್ಟಿಲಿಗೆ ಎರಡೆರಡರಂತೆ ಜೋಡಿಸಿ, ನಡುವೆ ಕುಂಬಳಕಾಯಿ ಇಟ್ಟ.

ಒಂದು ಗಂಟೆ ಕಳೆದಿರಲಿಲ್ಲ, ಎದುರುಮನೆಯ ಮದಾಮ್ ಪಾಸ್ಕಿಯೆ ಕಪ್ಪು ಕೋಟು ತೊಟ್ಟು, ಸೂಪಿನ ಪಾತ್ರೆ ಹಿಡಿದು ಬಂದರು. ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದರು. ಹಿಂದೆಯೇ ಬೆನೆಟೋ, ಅವನ ಹೆಂಡತಿ, ಅಂಚೆಯವಳು, ಚರ್ಚಿನ ಗಂಟೆ ಹೊಡೆಯುವವನು. ಎಲ್ಲರ ಕೈಯಲ್ಲೂ ಒಂದೊಂದು ಪಾತ್ರೆ. ಯಾರ ಮುಖದಲ್ಲೂ ನಗುವಿಲ್ಲ. ರಸ್‌ಗೆ ಹಿಗ್ಗೋ ಹಿಗ್ಗು. ಎಲ್ಲರನ್ನೂ ಕೂರಿಸಿ ವೈನು ಸುರಿದ. ಮಾರ್ನಿಯ ಕಿವಿಯಲ್ಲಿ, “ಎಂಥಾ ಜನ ನೋಡೇ! ಮೂರೇ ವಾರಕ್ಕೆ ಮನೆಗೆ ಊಟ ತಂದು ಕೊಡ್ತಾರೆ! ಸ್ವಲ್ಪ ಗಂಭೀರ, ಅಷ್ಟೇ,” ಎಂದ.

ಕೊನೆಗೆ ಬೆನೆಟೋ ಗಂಟಲು ಸರಿಮಾಡಿಕೊಂಡು ಕೇಳಿದ: “ಮಣ್ಣು ಯಾವತ್ತು, ಮಿಸ್ಯೆ?”

ಆ ದೇಶದಲ್ಲಿ ಸೇವಂತಿಗೆ ಇಡುವುದು ಗೋರಿಯ ಮೇಲೆ.

ಮನೆಯಲ್ಲಿ ಸಾವಾಗಿಲ್ಲವೆಂದು ರಸ್ ತಡವರಿಸುತ್ತ ಬಿಡಿಸಿ ಹೇಳಿದ. ಮೊದಲು ನಕ್ಕವರು ಮದಾಮ್ ಪಾಸ್ಕಿಯೆ. ಕುರ್ಚಿಯ ತೋಳು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಸತ್ತೋರು ಯಾರೂ ಇಲ್ವಾ? ನನ್ನ ಸೂಪು ವಾಪಸು ಕೊಡಪ್ಪ ಹಾಗಾದ್ರೆ!”

“ಕೊಡಲ್ಲ,” ಎಂದ ರಸ್, ತನ್ನ ಹರಕು ಫ್ರೆಂಚಿನಲ್ಲಿ. “ಇಲ್ಲದ ಸಾವಿಗೆ ಬಂದಿದೀರಿ. ಇನ್ನು ನಾಲ್ಕು ವಾರಕ್ಕೆ ನಮ್ಮದೊಂದು ಹಬ್ಬ ಇದೆ, ನಿಜವಾದ್ದು, ಟರ್ಕಿ ಕೊಯ್ದು ಕೃತಜ್ಞತೆ ಹೇಳೋದು. ಅದಕ್ಕೂ ಬರಬೇಕು.”

ಹಬ್ಬ ಬೀಳುವುದು ಗುರುವಾರ. ಅಲ್ಲಿ ಅಂದು ಯಾರಿಗೂ ರಜೆಯಿಲ್ಲ. ಅವನು ಅದನ್ನು ಶನಿವಾರಕ್ಕೆ ತಳ್ಳಿದ. ಹೀಗೆ ‘ಅಮೆರಿಕದವನ ಶನಿವಾರ’ ಎಂಬುದು ಆ ಊರಿನ ಪಂಚಾಂಗಕ್ಕೆ ಸೇರಿತು. ಆಮೇಲೆ ಒಂದೊಂದೇ ಸೇರುತ್ತ ಹೋದವು. ಜುಲೈ ನಾಲ್ಕರ ರಾಷ್ಟ್ರೀಯ ದಿನ ತನ್ನದು, ಹದಿನಾಲ್ಕು ಅವರದು, ಜಗಳ ಬೇಡವೆಂದು ಒಂಬತ್ತಕ್ಕೆ ಇಬ್ಬರಿಗೂ ಸೇರಿಸಿ ನದೀತೀರದಲ್ಲಿ ಊಟ. ಈಸ್ಟರಿನ ಮೊಟ್ಟೆ ತರುವುದು ಮೊಲ ಎಂದು ಮನೆಯಲ್ಲಿ, ರೋಮಿನಿಂದ ಹಾರಿಬರುವ ಗಂಟೆಗಳು ಎಂದು ಶಾಲೆಯಲ್ಲಿ ಕೇಳಿ ಮಗಳು ಟೆಸ್ ಅತ್ತಾಗ, “ಮೊಲ ಗಂಟೆಯೊಳಗೆ ಕೂತು ಬರುತ್ತೆ ಕಣೇ, ಟಿಕೆಟ್ಟಿಲ್ಲದೆ,” ಎಂದಿದ್ದ. ಜನವರಿಯಲ್ಲಿ ಅಲ್ಲಿಯವರು ಹಂಚಿ ತಿನ್ನುವ ‘ರಾಜರ ಕೇಕ್’ ಕೊಯ್ಯುವಾಗ, ಯಾವ ತುಂಡು ಯಾರಿಗೆಂದು ಕೂಗಲು ಮನೆಯ ಕಿರಿಯರು ಮೇಜಿನಡಿ ಕೂರಬೇಕು. ಟೆಸ್‌ಗೆ ಮಾತು ಬರುವವರೆಗೆ ಆ ಆರಡಿಯ ಗಂಡಸೇ ಮೇಜಿನಡಿ ಮಡಚಿಕೊಂಡು ಕೂತು ಹೆಸರು ಕೂಗುತ್ತಿದ್ದ.

ತಾಯಿಯನ್ನು ಕಾಣಲು ಪ್ರತಿ ಆಗಸ್ಟಿನಲ್ಲಿ ಹೋಗಿಬರುತ್ತಿದ್ದ. ಆದರೆ ಹಬ್ಬದ ಗುರುವಾರ ಸಂಜೆ ನಾಲ್ಕಕ್ಕೆ ಕೆಲಸದ ನಡುವೆ ಷೆಡ್ಡಿನ ಹಿಂದೆ ನಿಂತು ಫೋನು ಮಾಡುತ್ತಿದ್ದ. “ಇಲ್ಲ ಅಮ್ಮ, ಇಲ್ಲಿ ಎಂಥಾ ಹಬ್ಬ. ಬ್ರೆಡ್ಡು ತಿಂದೆ. ನಿನ್ನ ಕೈ ಊಟ ನೆನೆಸ್ಕೊಂಡೆ.” ಶನಿವಾರದ ಸುದ್ದಿ ಎತ್ತುತ್ತಿರಲಿಲ್ಲ.

“ಯಾಕೆ ಹೇಳಲ್ಲ?” ಎಂದು ಮಾರ್ನಿ ಕೇಳಿದ್ದಳು.

“ಅವಳಿಲ್ಲದೆ ನಾನು ಹಬ್ಬ ಮಾಡ್ತೀನಿ ಅಂತ ಹ್ಯಾಗೆ ಹೇಳ್ಲೇ?”

*

ಈ ಗುರುವಾರ ಸಂಜೆ ನಾಲ್ಕಕ್ಕೆ ಆರ್ಲೀನ್ ಸೋಫಾದಲ್ಲಿ ಕುಳಿತು ಫೋನನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ನಾಲ್ಕೂವರೆಗೆ ಎದ್ದು ಮುಖ ತೊಳೆದು ಬಂದು ಸೊಸೆಯ ಪಕ್ಕ ಕುಳಿತರು.

“ಸೋಮವಾರದ ವಿಮಾನ ನಂದು. ಅವನನ್ನು ನನ್ನ ಜೊತೆ ಕಳಿಸಿಬಿಡು, ಮಗಾ. ಅವರಪ್ಪನ ಪಕ್ಕ ಜಾಗ ಇದೆ. ಒಂಬತ್ತು ವರ್ಷ ಪರದೇಶದಲ್ಲಿ ಹಬ್ಬ ಹುಣ್ಣಿಮೆ ಇಲ್ಲದೆ ಒಂಟಿಯಾಗಿ ಕಳೆದ. ಇನ್ನಾದ್ರೂ ಮನೆಗೆ ಬರ್ಲಿ.”

ಆ ದೇಶದ ಕಾನೂನಿನಲ್ಲಿ ಶವ ಸುಟ್ಟ ಬೂದಿಯನ್ನು ಹಂಚಿಕೊಳ್ಳುವಂತಿಲ್ಲ. ಇಡಿಯಾಗಿ ಇಲ್ಲಿ, ಇಲ್ಲವೇ ಇಡಿಯಾಗಿ ಅಲ್ಲಿ. ಮಾರ್ನಿಗೆ ಅವನು ಇಲ್ಲಿಯೇ ಬೇಕಿತ್ತು. ಅವನು ಇಲ್ಲಿ ಒಂಟಿಯಾಗಿರಲಿಲ್ಲ ಎಂದು ಹೇಳಿದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ, ಸತ್ತವನನ್ನು ತಾಯಿಯ ಎದುರು ಸುಳ್ಳುಗಾರನಾಗಿ ನಿಲ್ಲಿಸಬೇಕಿತ್ತು.

ಎರಡು ದಿನವಾದರೂ ಅವಳು ಉತ್ತರ ಕೊಟ್ಟಿರಲಿಲ್ಲ.

*

ಶನಿವಾರ ಚಿತಾಗಾರದಿಂದ ಮರಳುವಾಗ ಒಂದೂವರೆ. ಬೂದಿಯಿದ್ದ ಬೂದು ಬಣ್ಣದ ಕರಂಡವನ್ನು ಆರ್ಲೀನ್ ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಮನೆಯೊಳಗೂ ಯಾರ ಕೈಗೂ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟರು. ಬೆನೆಟೋನ ಹೆಂಡತಿ ಸಂಸ್ಕಾರಕ್ಕೆ ಬಾರದೆ ಒಲೆ ನೋಡಿಕೊಂಡಿದ್ದಳು. ಮನೆಯೆಲ್ಲ ಹುರಿದ ಕೋಳಿಯ ವಾಸನೆ.

ಜನ ಬರತೊಡಗಿದರು. ಮದಾಮ್ ಪಾಸ್ಕಿಯೆ ಕೋಲೂರಿಕೊಂಡು ಸೂಪಿನ ಪಾತ್ರೆಯೊಂದಿಗೆ ಬಂದು ಮಾರ್ನಿಯ ಕೆನ್ನೆ ಸವರಿದರು. “ಈ ಸಲ ಮೆಟ್ಟಿಲ ಮೇಲೆ ಹೂವೇ ಇರಲಿಲ್ಲ, ನೋಡು. ಆದರೂ ಬಂದ್ವಿ.”

ಮೂರು ಮೇಜು ಸೇರಿಸಿ ಉದ್ದಕ್ಕೆ ಹಾಸಿದ್ದರು. ಯಾರೂ ಕೇಳದೆಯೇ ಎಲ್ಲರೂ ಅವರವರ ಜಾಗದಲ್ಲಿ ಕುಳಿತರು. ಆರ್ಲೀನ್ ಅದನ್ನು ಗಮನಿಸಿದರು. ತಟ್ಟೆಗಳ ಬೀರು ಯಾವುದೆಂದು ಅಂಚೆಯವಳಿಗೆ ಗೊತ್ತಿದ್ದುದನ್ನೂ ಗಮನಿಸಿದರು.

ಬೆನೆಟೋ ಎದ್ದು ನಿಂತು ಚಾಕು ಮಸೆದ.

“ಅವನು ಕೊಯ್ಯೋ ರೀತಿ ನೋಡಿದ್ರೆ ನನ್ನ ಹೊಟ್ಟೆ ಉರೀತಿತ್ತು,” ಎಂದ, ಯಾರಿಗೆಂದಿಲ್ಲದೆ. “ಮೂರು ತಲೆಮಾರಿನ ಕಟುಕ ನಾನು, ಈ ಮೆಕ್ಯಾನಿಕ್ಕು ನನಗೆ ಕಲಿಸ್ತಾನೆ! ಇವತ್ತೊಂದು ದಿನ ಅವನ ರೀತೀಲೇ ಆಗ್ಲಿ.”

ಎದೆಯ ಮಾಂಸವನ್ನು ಮೂಳೆಯಿಂದ ಇಡಿಯಾಗಿ ಬಿಡಿಸಿದ. ಅಡ್ಡಡ್ಡಲಾಗಿ ತೆಳ್ಳಗೆ ಕೊಯ್ದ. ಆಮೇಲೆ ಆ ಹೋಳುಗಳನ್ನು ಒಂದೊಂದಾಗಿ ಮತ್ತೆ ಮೂಳೆಯ ಮೇಲೆ ಕೂರಿಸಿ, ಚಾಕುವಿನ ಹಿಂಬದಿಯಿಂದ ತಟ್ಟಿ ಸರಿಮಾಡಿದ. ಹಕ್ಕಿ ಕತ್ತಿ ಮುಟ್ಟದ ಹಾಗೆ ಇಡಿಯಾಗಿ ಕುಳಿತಿತ್ತು.

ಆರ್ಲೀನ್ ಅರ್ಧ ಎದ್ದಿದ್ದರು.

“ಇದು ನನ್ನ ಗಂಡನ ಕೈ. ನಮ್ಮನೇಲಿ ಬಿಟ್ಟು ಇನ್ನೆಲ್ಲೂ ಹೀಗೆ ಜೋಡಿಸಲ್ಲ. ಇವನಿಗೆ ಯಾರು ಕಲಿಸಿದ್ರು?”

“ಅಪ್ಪನೇ ಕಲಿಸಿದ್ದು, ಅಜ್ಜೀ,” ಎಂದಳು ಟೆಸ್. “ಪ್ರತಿ ವರ್ಷ ಅಪ್ಪ, ಬೆನೆಟೋ ಇಬ್ರೂ ಇಲ್ಲೇ ಇದಕ್ಕೇ ಜಗಳ ಆಡ್ತಿದ್ರು.”

“ಪ್ರತಿ ವರ್ಷ?”

ಮೇಜಿನವರಿಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಮಾರ್ನಿ ಕೈಯೊರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. ಐದು ದಿನದಲ್ಲಿ ಮೊದಲ ಬಾರಿಗೆ ಮಾತು ತಡವಾಗದೆ ಬಂತು.

“ಒಂಬತ್ತೂ ವರ್ಷ, ಅಮ್ಮ. ಶನಿವಾರ. ಇದೇ ಮೇಜು, ಇದೇ ಜನ.”

“ನನಗೆ ಬ್ರೆಡ್ಡು ತಿಂದೆ ಅಂತಿದ್ದ.”

“ಗುರುವಾರ ಬ್ರೆಡ್ಡೇ ತಿಂತಿದ್ದ. ಅವತ್ತು ಬೇರೆ ಏನೂ ಮುಟ್ತಿರಲಿಲ್ಲ. ಅದು ನಿಮ್ಮ ದಿನ ಅಂತಿದ್ದ.”

ಆರ್ಲೀನ್ ಬೆರಳು ಚಾಚಿ ಎದೆಯ ಮೇಲಿನ ಮೊದಲ ಹೋಳನ್ನು ಮೆಲ್ಲಗೆ ಮುಟ್ಟಿದರು. ಹೋಳುಗಳು ಒಂದರ ಹಿಂದೊಂದು ತಟ್ಟೆಗೆ ಜಾರಿ ಬಿದ್ದವು. ಅವರ ಗಂಟಲಿನಿಂದ ಬಂದ ಸದ್ದು ಅಳುವೋ ನಗುವೋ ಯಾರಿಗೂ ಗೊತ್ತಾಗಲಿಲ್ಲ.

“ಕಳ್ಳ,” ಎಂದರು. “ಅಪ್ಪಟ ಕಳ್ಳ ನನ್ಮಗ.”

ಬೆನೆಟೋ ಗಾಬರಿಯಾಗಿ ಮಾರ್ನಿಯನ್ನು ಕೇಳಿದ: “ಕೊಯ್ದಿದ್ದು ಸರಿಯಾಗಿಲ್ವಂತಾ?”

“ಸರಿಯಾಗಿದೆಯಂತೆ.”

ಎಲ್ಲರೂ ತಿಂದರು. ಊಟದ ನಡುವೆ ರಸ್‌ನ ನಿಯಮದಂತೆ ಒಬ್ಬೊಬ್ಬರೂ ಎದ್ದು ಈ ವರ್ಷ ಯಾವುದಕ್ಕೆ ಕೃತಜ್ಞರೆಂದು ಹೇಳಬೇಕು. ಅಂಥದ್ದಕ್ಕೆಲ್ಲ ನಾಚುವ ಜನ ಅವರು. ಅಂಚೆಯವಳು ತನ್ನ ಹೊಸ ಮೊಣಕಾಲಿಗೆ ಎಂದಳು. ಬೆನೆಟೋ, “ಪಾಸು,” ಎಂದು ಕೂತುಬಿಟ್ಟ, ಪ್ರತಿ ವರ್ಷದ ಹಾಗೆ. ಸರದಿ ಆರ್ಲೀನರಿಗೆ ಬಂತು. ಅವರು ಮೊಮ್ಮಗಳ ಕಡೆ ಬಾಗಿದರು.

“ಆ ಕೋಲು ಹಿಡಿದ ಅಜ್ಜೀನ ಕೇಳು, ಇಲ್ಲಿ ಸ್ಮಶಾನ ಎಲ್ಲಿದೆ ಅಂತ. ಬಿಸಿಲು ಬೀಳುತ್ತಾ ಅಂತಾನೂ ಕೇಳು.”

ಟೆಸ್ ಕೇಳಿದಳು. ಮದಾಮ್ ಪಾಸ್ಕಿಯೆ ತಟ್ಟೆ ಸರಿಸಿ, ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. “ಬಾಯಲ್ಲಿ ಹೇಳಿದ್ರೆ ಏನು ಗೊತ್ತಾಗುತ್ತೆ? ಬರೋಕೆ ಹೇಳು.”

ಕಿಟಕಿಯಾಚೆ ದಿಬ್ಬದ ಮೇಲೆ ಸ್ಮಶಾನದ ತಗ್ಗುಗೋಡೆ. ಮಾರ್ನಿ ತಟ್ಟೆಯಿಂದ ಒಂದು ಹೋಳು ಎತ್ತಿ ಬಾಯಿಗಿಟ್ಟುಕೊಂಡು ನಿಂತು ನೋಡಿದಳು. ಇಬ್ಬರು ಮುದುಕಿಯರು ತೋಳಿಗೆ ತೋಳು ಕೊಟ್ಟು ಹತ್ತುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಗೋಡೆಯ ಬಳಿ ನಿಂತರು. ಆರ್ಲೀನ್ ಪಾದಕ್ಕೆ ಪಾದ ಜೋಡಿಸಿ ನೆಲ ಅಳೆದರು. ಮದಾಮ್ ಪಾಸ್ಕಿಯೆ ತಲೆಯಾಡಿಸಿ, ಇನ್ನೂ ಸ್ವಲ್ಪ ಎಡಕ್ಕೆ, ಬಿಸಿಲಿಗೆ ಎಂದು ಕೋಲಿನಿಂದ ತೋರಿಸಿದರು.